ಹಲವು ದನಿ, ಒಂದು ಗಂಟಲು

ಅಜ್ಜಿಯರು ಹೇಳುವ ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಅಡಗಿರುತ್ತದೆ. ಆ ಗಿಳಿಯ ಪ್ರಾಣ ಎಲ್ಲಿರುತ್ತದೆಂದು ಯಾವ ಅಜ್ಜಿಯೂ ಹೇಳುವುದಿಲ್ಲ. ಕೇಳಿದರೆ, ಸುಮ್ಮನೆ ಮಲಗು ಅನ್ನುತ್ತಾರೆ. ರೇಡಿಯೋ ಕಟ್ಟಡದ ಮೂರನೆಯ ಮಹಡಿಯಲ್ಲಿ ದುಡಿಯುತ್ತಿದ್ದ ನಮ್ಮ ಗಿಳಿಯನ್ನು ಕೇಳಿದ್ದರೆ, ಅವಳು ಹೆಮ್ಮೆಯಿಂದ ತನ್ನ ಗಂಟಲನ್ನು ಮುಟ್ಟಿ ತೋರಿಸುತ್ತಿದ್ದಳು.

ಗಿಳಿ ಎಂಬುದು ಅವಳಿಗೆ ಅಲ್ಲಿಯವರು ಇಟ್ಟ ಹೆಸರು. ದನಿ ಕೊಡುವುದು ಅವಳ ಕಸುಬು. ಹಸಿದ ಕೂಸು, ಗೊಣಗುವ ಮುದುಕ, ಹೊಟ್ಟೆಕಿಚ್ಚಿನ ನಾದಿನಿ, ಜಾಹೀರಾತಿನಲ್ಲಿ ಮಾತಾಡುವ ಸಾಬೂನು, ಯಾರು ಬೇಕೋ ಅವರಾಗುತ್ತಿದ್ದಳು. ಯಾರ ಜೊತೆಗಾದರೂ ಒಂದು ಲೋಟ ಚಹಾ ಕುಡಿದರೆ ಸಾಕು, ಎದ್ದು ಹೊರಡುವ ಹೊತ್ತಿಗೆ ಅವರ ದನಿ ಇವಳ ಚೀಲ ಸೇರಿರುತ್ತಿತ್ತು. ಅವರು ಏನು ಹೇಳಿದರೆಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದಳು. ಹಣ್ಣು ಎಸೆದು ಸಿಪ್ಪೆ ಜೋಪಾನ ಮಾಡುವ ಜಾಣೆ.

ಅವಳ ಸ್ವಂತ ದನಿ ಹೇಗಿತ್ತೆಂದು ಆ ಮಹಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಹಾ ತರಿಸುವುದಿದ್ದರೂ ಯಾವುದೋ ಸಿನಿಮಾದ ಮಹಾರಾಣಿಯ ದನಿಯಲ್ಲಿ ತರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಚಹಾ ಬರುತ್ತಿತ್ತು.

ಹೀಗಿರುವಾಗ ಆ ಮಹಡಿಗೆ ಬಹುವಚನ ಬಂದರು. ಅವರು ಕಾರ್ಯಕ್ರಮದ ನಿರ್ದೇಶಕರು. ಏನು ಮಾಡಿದರೂ, ಒಂದು ಸೀನು ಸೀನಿದರೂ ‘ನಾವು’ ಎಂದೇ ಹೇಳಿಕೊಳ್ಳುತ್ತಿದ್ದರಿಂದ ಆ ಹೆಸರು ತಾನಾಗಿ ಅಂಟಿಕೊಂಡಿತು. ಅನ್ಯರೊಡನೆ ಮನುಷ್ಯ ಹೇಗೆ ಬಾಳಬೇಕೆಂಬುದರ ಮೇಲೆ ಅವರು ಒಂದು ಪುಸ್ತಕ ಬರೆದಿದ್ದರು. ದಿಂಬಿನಷ್ಟು ದಪ್ಪವಿತ್ತು, ಓದಿದವರು ಹೇಳುವಂತೆ, ದಿಂಬಿನ ಕೆಲಸವನ್ನೂ ಮಾಡುತ್ತಿತ್ತು. ಲೋಕದಲ್ಲಿ ಒಂದು ಸತ್ಯವಲ್ಲ, ಹಲವು ಸತ್ಯಗಳಿವೆ. ಇನ್ನೊಬ್ಬರಿಗೆ ಕಿವಿಗೊಡುವುದೇ ಮನುಷ್ಯತ್ವ ಎಂಬುದು ಅದರ ಸಾರ. ಇದನ್ನು ಅವರು ಎಷ್ಟು ಹೊತ್ತು ಬೇಕಾದರೂ ವಿವರಿಸಬಲ್ಲವರಾಗಿದ್ದರು. ಅಷ್ಟು ಹೊತ್ತೂ ಮೇಜಿನ ಮೇಲೆ ಬೋರಲು ಬಿದ್ದ ಫೋನಿನೊಳಗೆ ಅವರ ಹೆಂಡತಿ ಮಾತಾಡುತ್ತಲೇ ಇರುತ್ತಿದ್ದರು. ನಡುನಡುವೆ ಇವರು ಬಾಗಿ ಫೋನಿನ ಬೆನ್ನಿಗೆ ಒಂದು ‘ಹ್ಞೂಂ’ ಹಾಕುತ್ತಿದ್ದರು.

ಅವರ ಕಾರ್ಯಕ್ರಮದ ಹೆಸರು ‘ಹಲವು ದನಿ’. ಊರಿನ ಬೇರೆ ಬೇರೆ ಥರದ ಜನ ತಮ್ಮ ಪಕ್ಕದವರ ಜೊತೆ ಹೇಗೆ ಬಾಳುತ್ತಿದ್ದಾರೆಂದು ಅವರ ಬಾಯಿಂದಲೇ ಕೇಳಿಸುವುದು ಉದ್ದೇಶ. ಮೈಕು ಹಿಡಿದು ಬೀದಿ ಬೀದಿ ಸುತ್ತಿದರು. ಬ್ರೆಡ್ಡು ಸುಡುವವನು, ಆಸ್ಪತ್ರೆಯ ದಾದಿ, ದೂರದ ದೇಶದಿಂದ ಬಂದು ನೆಲೆಸಿದ ಬಡಗಿ, ಎಲ್ಲರೂ ಮಾತಾಡಿದರು. ಧ್ವನಿಮುದ್ರಣ ನೋಡಿಕೊಳ್ಳುವ, ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದ ಕಡಿಮೆ ಮಾತಿನ ಮನುಷ್ಯ ಒಂದೊಂದನ್ನೂ ಜೋಡಿಸಿ ಕೇಳಿಸಿದ. ಬಹುವಚನರ ಮುಖ ಹುಳಿ ಕುಡಿದಂತಾಯಿತು. ಬ್ರೆಡ್ಡಿನವನ ದನಿ ಬ್ರೆಡ್ಡಿನವನ ದನಿಯ ಹಾಗಿಲ್ಲ, ಗುಮಾಸ್ತನ ಹಾಗಿದೆ. ದಾದಿಗೆ ಕರುಣೆ ಸಾಲದು. ಬಡಗಿಯದಂತೂ ಕ್ಷಮಿಸಲಾರದ ತಪ್ಪು: ಅವನು ಈ ಊರಿನವರಿಗಿಂತ ಚೆನ್ನಾಗಿ ಈ ಊರಿನ ಮಾತಾಡಿದ್ದ.

“ಹೊರಗಿನವನು ಇಷ್ಟು ಶುದ್ಧವಾಗಿ ಮಾತಾಡಿದ್ರೆ, ಅವನು ಹೊರಗಿನವನು ಅಂತ ಕೇಳೋರಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ನಾವು ಅವನನ್ನ ಒಳಗೆ ಕರ್ಕೊಳ್ಳೋದಾದ್ರೂ ಹೇಗೆ?” ಎಂದು ಕೊರಗಿದರು.

ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ಜನರ ಮಾತನ್ನು ತಾವೇ ತಿದ್ದಿ ತೀಡಿ ಬರೆಯುವುದು. ಅದನ್ನು ಗಿಳಿ ಅವರವರ ದನಿಯಲ್ಲಿ, ಅಂದರೆ ಅವರವರಿಗೆ ಇರಬೇಕಾಗಿದ್ದ ದನಿಯಲ್ಲಿ, ಹೇಳುವುದು. ಹೀಗೆ ಗಿಳಿ ಒಂದೇ ಮಧ್ಯಾಹ್ನ ಬ್ರೆಡ್ಡಿನವನಾದಳು, ದಾದಿಯಾದಳು, ನಾಲಿಗೆ ಅಲ್ಲಲ್ಲಿ ತೊಡರಿಸಿಕೊಂಡು ಬಡಗಿಯೂ ಆದಳು. ಹಲವು ದನಿಗಳು ಒಂದು ಗಂಟಲಿನಿಂದ ಸಾಲಾಗಿ ಹೊರಬಿದ್ದವು. ಎಲ್ಲರೂ ಎಲ್ಲರನ್ನೂ ಪ್ರೀತಿಸುತ್ತಿದ್ದರು. ಬಹುವಚನರ ಕಣ್ಣು ಒದ್ದೆಯಾಯಿತು.

ಇಷ್ಟರವರೆಗೆ ಗಿಳಿಗೆ ಅದು ಎಂದಿನ ಕೆಲಸ. ಸಾಬೂನಿಗೆ ದನಿ ಕೊಟ್ಟವಳಿಗೆ ಬಡಗಿ ಯಾವ ದೊಡ್ಡ ಮಾತು? ಆದರೆ ಉಳಿದ ಕೊನೆಯ ದನಿ ಅವಳ ದೊಡ್ಡಮ್ಮನದು.

ದೊಡ್ಡಮ್ಮನನ್ನು ತೋರಿಸಿಕೊಟ್ಟವಳೂ ಗಿಳಿಯೇ. ಹೆತ್ತವಳು ಬಿಟ್ಟುಹೋದ ಇವಳನ್ನು ಸಾಕಿ ಬೆಳೆಸಿದವಳು ಈ ದೊಡ್ಡಮ್ಮ. ಜೀವಮಾನವೆಲ್ಲ ಮಂದಿಯ ಮನೆಯ ಕಿಟಕಿಗೆ ಪರದೆ ಹೊಲಿದವಳು. ತನ್ನ ಬಾಯಿಗೆ ಮಾತ್ರ ಯಾವ ಪರದೆಯನ್ನೂ ಹಾಕಿಕೊಂಡವಳಲ್ಲ. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಬೈಯಬಲ್ಲವಳು. ಉದ್ದನೆಯ ಓಣಿಯಂಥ ಕಟ್ಟಡದಲ್ಲಿ ಅವಳದು ಎರಡು ಕೋಣೆಯ ಮನೆ. ಪಕ್ಕದಲ್ಲಿ, ಒಂದೇ ಇಟ್ಟಿಗೆ ದಪ್ಪದ ಗೋಡೆಯಾಚೆ, ಚೆಕ್ಕಿಂಗಮ್ಮ.

ಚೆಕ್ಕಿಂಗಮ್ಮ ಬಸ್ಸುಗಳಲ್ಲಿ ಟಿಕೆಟ್ಟು ತಪಾಸಣೆ ಮಾಡಿ ನಿವೃತ್ತಳಾದವಳು. ದೇವರಿಂದ ಹಿಡಿದು ಹಾಲಿನವನವರೆಗೆ ಯಾರನ್ನೂ ನಂಬದವಳು. ದೊಡ್ಡಮ್ಮನೋ, ಬೆಳಗಾದರೆ ದೇವರನ್ನು ಕೂಗಿ ಎಬ್ಬಿಸುವವಳು. ಅವಳ ಪ್ರಾರ್ಥನೆಗೆ ಭಕ್ತಿಯಿತ್ತು, ಗಟ್ಟಿತನವಿತ್ತು, ರಾಗ ಒಂದಿರಲಿಲ್ಲ. ಅದು ಮೂರನೆಯ ಸಾಲಿಗೆ ಏರುವಷ್ಟರಲ್ಲಿ ಆಚೆಯಿಂದ ಚೆಕ್ಕಿಂಗಮ್ಮ ಪೊರಕೆಯ ಹಿಡಿಯಿಂದ ಗೋಡೆಗೆ ಕುಟ್ಟುತ್ತಿದ್ದಳು, ದಢ್, ದಢ್. ಕುಟ್ಟಿದಷ್ಟೂ ಪ್ರಾರ್ಥನೆ ಏರುತ್ತಿತ್ತು. ಗಿಳಿ ಹುಟ್ಟಿ ಬುದ್ಧಿ ಬಂದಾಗಿನಿಂದ ಆ ಮನೆಗಳಲ್ಲಿ ಬೆಳಗಾಗುತ್ತಿದ್ದದ್ದು ಹೀಗೆ.

ಬಹುವಚನರು ಮೈಕು ಹಿಡಿದು ಬಂದ ದಿನ ದೊಡ್ಡಮ್ಮ ಒಗೆದ ಸೀರೆ ಉಟ್ಟು ಕೂತಳು. ಚೆಕ್ಕಿಂಗಮ್ಮನನ್ನೂ ಕರೆದರು. ಅವಳು ಬರಲಿಲ್ಲ, ಹೇಳೋದಿದ್ದರೆ ಮುಖಕ್ಕೇ ಹೇಳ್ತೀನಿ, ರೇಡಿಯೋ ಯಾಕೆ, ಆದರೆ ಆ ಮಹಾತಾಯಿ ನನ್ನ ಬಗ್ಗೆ ಏನಂತಾಳೋ ಅದು ರೇಡಿಯೋದಲ್ಲಿ ಬರೋ ದಿನ ಕೇಳ್ತೀನಿ ಅಂತ ಬಾಗಿಲ ಸಂದಿಯಿಂದಲೇ ಹೇಳಿ ಕಳಿಸಿದಳು.

ದೊಡ್ಡಮ್ಮ ಮನಸಾರೆ ಮಾತಾಡಿದಳು. ಪಕ್ಕದವಳ ಚಹಾ ಕೈತೊಳೆದ ನೀರು ಎಂದಳು. ಅವಳ ನಗು ತುಕ್ಕು ಹಿಡಿದ ತಿರುಗಣಿ ಎಂದಳು. ಬಹುವಚನರು ತಾಳ್ಮೆಯಿಂದ ನಕ್ಕು, ಇಷ್ಟು ವರ್ಷ ಒಟ್ಟಿಗಿದ್ದೀರಿ, ಒಡಹುಟ್ಟಿದವರ ಹಾಗೆ ಅಲ್ಲವೇ ಎಂದು ದಾರಿ ತೋರಿಸಿದರು.

“ಒಡಹುಟ್ಟಿದೋಳು ಒಬ್ಬಳಿದ್ದಳಲ್ಲ,” ಎಂದಳು ದೊಡ್ಡಮ್ಮ. “ಕೂಸನ್ನ ನನ್ನ ಮಡಿಲಿಗೆ ಹಾಕಿ, ಈಗ ಬಂದೆ ಅಂತ ಹೋದೋಳು ಇನ್ನೂ ಬರ್ತಾ ಇದಾಳೆ. ಇವಳು ಆ ಥರ ಅಲ್ಲ ಸ್ವಾಮಿ. ಇವಳು ಹೋಗು ಅಂದ್ರೂ ಹೋಗಲ್ಲ.”

ದೇವರಾದರೂ ಎಲ್ಲರಿಗೂ ಒಬ್ಬನೇ ತಾನೇ ಎಂದು ಅವರು ಇನ್ನೊಂದು ದಾರಿ ಹಿಡಿದರು.

“ಒಬ್ಬನೇ ಹೇಗಾಗ್ತಾನೆ? ನನ್ನ ದೇವರು ಇದಾನೆ. ಅವಳ ದೇವರು ಇಲ್ಲ, ಅವಳೇ ಹೇಳ್ತಾಳೆ. ಇರೋನೂ ಇಲ್ಲದೋನೂ ಒಬ್ಬನೇ ಅಂದ್ರೆ, ನಿಮಗೆ ಲೆಕ್ಕ ಕಲಿಸಿದ ಮೇಷ್ಟ್ರು ಯಾರು?”

ಆಮೇಲೆ ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದ ಕತೆ ಹೇಳಿದಳು. ಸೊಂಟ ಮುರಿದು, ಕೂಗಲು ಉಸಿರಿಲ್ಲದೆ ಬಿದ್ದಿದ್ದಳು. ಅಂದು ಬೆಳಗ್ಗೆ ಪ್ರಾರ್ಥನೆ ಇರಲಿಲ್ಲ. ಪೊರಕೆ ಹಿಡಿದು ಗೋಡೆಯ ಹತ್ತಿರ ಕಾದು ನಿಂತಿದ್ದ ಚೆಕ್ಕಿಂಗಮ್ಮನಿಗೆ ಕುಟ್ಟಲು ಏನೂ ಸಿಗದೆ ಅನುಮಾನ ಬಂತು. ತನ್ನಲ್ಲಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಬಂದಳು.

“ಅವಳನ್ನ ಕಂಡ್ರೆ ನನಗಾಗಲ್ಲ. ನನ್ನ ಕಂಡ್ರೆ ಅವಳಿಗಾಗಲ್ಲ. ಅದು ಇಬ್ಬರಿಗೂ ಗೊತ್ತು, ಹಾಗಾಗಿ ನೆಮ್ಮದಿ. ನನ್ನ ಮನೆ ಬೀಗದ ಕೈ ಅವಳ ಹತ್ರ ಇದೆ. ನಿಮ್ಮದು ಯಾರ ಹತ್ರ ಇದೆ ಸ್ವಾಮಿ?”

ಬಹುವಚನರು ಗಡಿಯಾರ ನೋಡಿಕೊಂಡರು.

ಗಿಳಿ ಮೂಲೆಯಲ್ಲಿ ಕೂತು ಇದನ್ನೆಲ್ಲ ಕೇಳಿದ್ದಳು. ಕೇಳಿದ್ದಳು ಅನ್ನುವುದಕ್ಕಿಂತ, ದೊಡ್ಡಮ್ಮನ ದನಿ ‘ಸ್ವಾಮಿ’ ಅನ್ನುವಾಗ ಎಷ್ಟು ಇಳಿಯುತ್ತದೆ, ನಗುವಿಗೆ ಮೊದಲು ಎಷ್ಟು ಉಸಿರು ಎಳೆದುಕೊಳ್ಳುತ್ತಾಳೆ ಎಂದು ಅಳೆಯುತ್ತಿದ್ದಳು.

ಅದಕ್ಕೇ, ತಿದ್ದಿದ ಹಾಳೆ ಕೈಗೆ ಬಂದಾಗ ಅವಳಿಗೆ ದಿಗಿಲಾಗಲಿಲ್ಲ. ಹಾಳೆಯಲ್ಲಿ ಬೀಗದ ಕೈ ಇರಲಿಲ್ಲ, ಬಚ್ಚಲಿರಲಿಲ್ಲ, ಚಹಾ ಇರಲಿಲ್ಲ. ಅವೆಲ್ಲ ಅನಗತ್ಯ ವಿವರಗಳಂತೆ. ಇದ್ದದ್ದು ಇಷ್ಟು: ‘ನಮ್ಮಿಬ್ಬರ ನಡುವೆ ಭೇದವೇ ಇಲ್ಲ. ಅವಳು ನನಗೆ ಒಡಹುಟ್ಟಿದ ತಂಗಿಯ ಹಾಗೆ. ಅವಳ ದೇವರು, ನನ್ನ ದೇವರು ಒಬ್ಬನೇ. ಪ್ರೀತಿಯೇ ನಮ್ಮ ಭಾಷೆ.’

ಇದನ್ನು ದೊಡ್ಡಮ್ಮ ಹೇಳುವುದೆಂದರೆ ಬೆಕ್ಕು ಬೊಗಳಿದ ಹಾಗೆ. ಗಿಳಿಗೆ ಅಷ್ಟು ತಿಳಿಯದೆ ಇರಲಿಲ್ಲ. ಕಿವಿಯೂ ತನ್ನ ಗುಂಡಿಗಳ ಹಿಂದಿನಿಂದ, ಆ ಯಮ್ಮನ ಮಾತೇ ಇರಲಿ, ಚೆನ್ನಾಗಿದೆ ಎಂದು ಮೆಲ್ಲಗೆ ಹೇಳಿದ. ಆದರೆ ಆಸೆಗೆ ಕಿವಿಯಿಲ್ಲ. ದೊಡ್ಡಮ್ಮನದು ಅವಳು ಮೊಟ್ಟಮೊದಲು ಕಲಿತ ದನಿ, ತೊಟ್ಟಿಲಿನಲ್ಲಿದ್ದಾಗಲೇ ಕದ್ದದ್ದು. ಅದನ್ನು ಲೋಕಕ್ಕೆ ಕೇಳಿಸುವ ಅವಕಾಶ ಇಂದಿನವರೆಗೆ ಬಂದಿರಲಿಲ್ಲ. ಮೇಲಾಗಿ ಬಹುವಚನರು, ಈ ಸಲ ಕೊನೆಯಲ್ಲಿ ನಿಮ್ಮ ಹೆಸರು ಹೇಳುತ್ತೇವೆ ಎಂದಿದ್ದರು. ಇಷ್ಟು ವರ್ಷ ಊರಿಗೆಲ್ಲ ದನಿಯಾದವಳ ಹೆಸರನ್ನು ರೇಡಿಯೋ ಒಮ್ಮೆಯೂ ಹೇಳಿರಲಿಲ್ಲ. ಕಣ್ಣು ಮುಚ್ಚಿದಳು, ಒಂದು ಉಸಿರು ಎಳೆದುಕೊಂಡಳು, ದೊಡ್ಡಮ್ಮನಾದಳು. ಎರಡನೆಯ ಸಲ ಹೇಳಿಸಬೇಕಾಗಲಿಲ್ಲ. ಗಾಜಿನಾಚೆ ಬಹುವಚನರು ಎದೆಯ ಮೇಲೆ ಕೈಯಿಟ್ಟುಕೊಂಡರು. ಕಿವಿ ತನ್ನ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ.

ಪ್ರಸಾರದ ಸಂಜೆ ಗಿಳಿ ದೊಡ್ಡಮ್ಮನ ಮನೆಗೇ ಬಂದು ಕೂತಳು. ಮೆಚ್ಚುಗೆಯಾಗುತ್ತದೆ, ಕೆನ್ನೆ ಹಿಂಡುತ್ತಾಳೆ ಎಂದುಕೊಂಡಿದ್ದಳು ಮಾರಾಯ್ತಿ. ದೊಡ್ಡಮ್ಮ ಹಳೆಯ ಪರದೆಯೊಂದರ ಅಂಚು ಬಿಚ್ಚುತ್ತಾ ರೇಡಿಯೋದ ಮುಂದಿದ್ದಳು. ಗೋಡೆಯಾಚೆಯೂ ರೇಡಿಯೋ ಹಚ್ಚಿದ್ದು ಕೇಳಿಸುತ್ತಿತ್ತು. ಒಂದೇ ಮಾತು ಈಚೆಯೊಮ್ಮೆ ಆಚೆಯೊಮ್ಮೆ ಎದ್ದು ಬರುತ್ತಿತ್ತು.

ದೊಡ್ಡಮ್ಮನ ಸರದಿ ಬಂತು. ‘ನಮ್ಮಿಬ್ಬರ ನಡುವೆ ಭೇದವೇ ಇಲ್ಲ...’

ದೊಡ್ಡಮ್ಮನ ಕತ್ತರಿ ನಿಂತಿತು. ತನ್ನ ಸೀರೆ ಉಟ್ಟು ಎದುರಿಗೆ ಬಂದ ಅಪರಿಚಿತಳನ್ನು ನೋಡುವಂತೆ ರೇಡಿಯೋವನ್ನು ನೋಡಿದಳು. ಆ ಮಾತು ಮುಗಿಯುವವರೆಗೂ ನೋಡಿದಳು. ಆಮೇಲೆ ನಿಧಾನವಾಗಿ ಗಿಳಿಯ ಕಡೆ ತಿರುಗಿದಳು.

“ಕದಿಯೋಕೆ ಬೇರೆ ಮನೆ ಸಿಗಲಿಲ್ವೇನೇ ನಿನಗೆ?”

ಕಾರ್ಯಕ್ರಮ ಮುಗಿಯುತ್ತಿತ್ತು. ಪರಿಕಲ್ಪನೆ, ಬರವಣಿಗೆ, ನಿರ್ದೇಶನ ಎಂದು ಬಹುವಚನರ ಹೆಸರು ಮೂರು ಸಲ ಬಂತು. ಕೊನೆಗೆ, ‘ಧ್ವನಿ ನೀಡಿದವರು, ಇತರರು.’

ಅಷ್ಟೇ. ಅನ್ಯರ ಬಗ್ಗೆ ದಿಂಬು ಗಾತ್ರ ಬರೆದ ಮನುಷ್ಯ ಅವಳನ್ನೂ ಅದೇ ದಿಂಬಿನೊಳಗೆ ತುರುಕಿದ್ದರು. ಗಿಳಿಗೆ ಅದನ್ನು ನುಂಗಿಕೊಳ್ಳಲೂ ಹೊತ್ತು ಸಿಗಲಿಲ್ಲ. ಹೊರಗಿನಿಂದ ಬೀಗದ ಕೈ ತಿರುಗಿ ಬಾಗಿಲು ತೆರೆಯಿತು. ಚೆಕ್ಕಿಂಗಮ್ಮ ಒಳಗೆ ಬಂದು, ಅದೇ ಬೀಗದ ಕೈಯನ್ನು ದೊಡ್ಡಮ್ಮನ ಮುಂದೆ ಮೇಜಿನ ಮೇಲಿಟ್ಟಳು.

“ತಗೋ. ತಂಗಿ ಇದಾಳಂತಲ್ಲ, ಅವಳಿಗೆ ಕೊಡು.”

ದೊಡ್ಡಮ್ಮ ಅದು ನಾನಲ್ಲ ಎಂದಳು. ಚೆಕ್ಕಿಂಗಮ್ಮ ಒಪ್ಪದೆ ತಲೆಯಾಡಿಸಿದಳು. ಇಷ್ಟು ವರ್ಷ ಗೋಡೆ ಆಚೆಯಿಂದ ಕೇಳಿದೀನಿ, ನಿನ್ನ ದನಿ ನನಗೆ ಗೊತ್ತಿಲ್ಲವಾ ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

“ನನ್ನ ಸರ್ವಿಸ್ಸಲ್ಲಿ ಒಂದು ಕಲ್ತಿದೀನಿ. ಟಿಕೆಟ್ ಇಲ್ಲದೋರೇ ಅಕ್ಕಾ, ತಾಯಿ, ತಂಗಿ ಅಂತ ಶುರು ಮಾಡೋದು. ಟಿಕೆಟ್ ಇದ್ದೋರು ಬೈಕೊಂಡು ತೋರಿಸ್ತಾರೆ. ನೀನು ಬೈತೀಯ ಅಂತ ನಂಬಿದ್ದೆ. ನೀನು ನೋಡಿದ್ರೆ, ಇಲ್ಲದ ದೇವರನ್ನ ಬೇರೆ ನನ್ನ ತಲೆಗೆ ಕಟ್ಟಿದೀಯ.”

ಗಿಳಿ ಬಾಯಿ ತೆರೆದಳು. ಅದು ನಾನು ಎನ್ನುವ ಎರಡು ಮಾತು ಹೇಳಬೇಕಿತ್ತು. ಯಾವ ದನಿಯಲ್ಲಿ ಹೇಳುವುದೆಂದು ಚೀಲವೆಲ್ಲ ಹುಡುಕಾಡಿದಳು. ಮಹಾರಾಣಿ ಬಂದಳು, ನಾದಿನಿ ಬಂದಳು, ಸಾಬೂನೂ ಬಂತು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಮರುದಿನ ಬೆಳಗ್ಗೆ ದೊಡ್ಡಮ್ಮ ಎಂದಿನಂತೆ ಪ್ರಾರ್ಥನೆಗೆ ಕೂತಳು. ಮೂರನೆಯ ಸಾಲು ಬಂತು, ನಾಲ್ಕನೆಯದೂ ಬಂತು. ಗೋಡೆ ಸುಮ್ಮನಿತ್ತು. ದೊಡ್ಡಮ್ಮ ದನಿ ಏರಿಸಿ ನೋಡಿದಳು. ಆಚೆ ರೇಡಿಯೋದ ಸುದ್ದಿ ಗಟ್ಟಿಯಾಯಿತು, ಅಷ್ಟೇ. ಅವಳು ಈಗ ಕೇಳುತ್ತಿಲ್ಲವೆಂದು ಅದರರ್ಥ. ಒಂದಿಷ್ಟು ದಿನ ಹೀಗೇ ಹೋಯಿತು. ದೊಡ್ಡಮ್ಮ ಪ್ರಾರ್ಥನೆಯನ್ನು ನಡುವೆಯೇ ನಿಲ್ಲಿಸತೊಡಗಿದಳು. ತಡೆಯುವವರಿಲ್ಲದೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ಬೀಗದ ಕೈ ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ, ಮುಟ್ಟಗೊಡಲೂ ಇಲ್ಲ. ಬಚ್ಚಲಿಗೆ ಹೋಗುವಾಗ ಮಾತ್ರ ಗೋಡೆ ಹಿಡಿದು, ತೊರೆ ದಾಟುವವಳಂತೆ ಹೆಜ್ಜೆಯಿಡತೊಡಗಿದಳು. ಇನ್ನೊಮ್ಮೆ ಬಿದ್ದರೆ ಏಳುವ ಮಾತಿಲ್ಲವೆಂದು ವೈದ್ಯರು ಹೇಳಿದ್ದರು. ಬಿದ್ದದ್ದು ಯಾರಿಗಾದರೂ ಕೇಳಿಸಬೇಕಲ್ಲ.

ಗಿಳಿ ತನ್ನ ಕೋಣೆಗೆ ಬಾ ಎಂದು ಕರೆದಳು.

“ನಿನ್ನ ಕೋಣೆಯಲ್ಲಿ ಆಗಲೇ ಎಷ್ಟು ಜನ ಇದಾರೋ ತಾಯಿ, ನನಗೆಲ್ಲಿ ಜಾಗ?” ಎಂದಳು ದೊಡ್ಡಮ್ಮ. ಹಾಗಾದರೆ ನೀನೇ ಹೋಗಿ ಅವಳಿಗೆ ಬಿಡಿಸಿ ಹೇಳು ಅಂದರೆ, ಅದೂ ಆಗದು. ನಾನು ಒಂದು ಸಲ ಹೇಳಿದೀನಿ ಅದು ನಾನಲ್ಲ ಅಂತ, ನಂಬದೋಳ ಮುಂದೆ ಆಣೆ ಇಡೋಕೆ ನಾನೇನು ಟಿಕೆಟ್ ಇಲ್ಲದೋಳಾ ಎಂದು ಸೂಜಿಗೆ ದಾರ ಪೋಣಿಸಿದಳು. ಎರಡು ಸಲ ತಪ್ಪಿತು.

ಗಿಳಿ ಬಹುವಚನರ ಬಳಿ ಹೋದಳು. ರೇಡಿಯೋದಲ್ಲಿ ಒಂದು ಸಾಲು ತಪ್ಪೊಪ್ಪಿಗೆ ಹೇಳಿಸಿ, ಇಲ್ಲವೇ ದೊಡ್ಡಮ್ಮನ ನಿಜವಾದ ಮಾತನ್ನು ಹಾಕಿ ಎಂದು ಕೇಳಿಕೊಂಡಳು. ಅವರು ಆ ಹೊತ್ತಿಗೆ ಹಿಗ್ಗಿ ಹೀರೇಕಾಯಿಯಾಗಿದ್ದರು. ಆ ಮುದುಕಿಯ ಮಾತು ಕೇಳಿ ಅತ್ತೆವು ಎಂದು ಊರೆಲ್ಲ ಫೋನು ಮಾಡುತ್ತಿತ್ತು. ಎಲ್ಲಿಯೋ ಒಂದು ದೊಡ್ಡ ಸಭೆಗೆ ಅವರನ್ನು ಕರೆದಿದ್ದರು. ಕೇಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಇಡೀ ದಿನ ಅವರೊಬ್ಬರೇ ಮಾತಾಡುವುದಿತ್ತು.

“ನಿಮ್ಮ ದೊಡ್ಡಮ್ಮ ಹೇಳಿದ್ದು ಒಬ್ಬರ ಸತ್ಯ,” ಎಂದು ಅವರು ಸಮಾಧಾನ ಹೇಳಿದರು. “ನಾವು ಹೇಳಿದ್ದು ಎಲ್ಲಾ ದೊಡ್ಡಮ್ಮಂದಿರ ಸತ್ಯ. ಅವರು ದ್ವೇಷವನ್ನ ದಾಟಿಲ್ಲ, ಪಾಪ. ನಾವು ಅವರನ್ನ ದಾಟಿಸಿದ್ವಿ.”

ಬೋರಲು ಬಿದ್ದ ಫೋನು ಏನೋ ಕೇಳಿತು. ಅವರು ಬಾಗಿ ಹ್ಞೂಂ ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಹಾಗೆ ಸದ್ದಿಲ್ಲದ್ದು ಅವರ ಗಮನಕ್ಕೆ ಬರಲಿಲ್ಲ. ಇನ್ನೊಮ್ಮೆ ಹ್ಞೂಂ ಎಂದರು. ಗಿಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಗೋಡೆಯಾಚೆ ಪೊರಕೆ ಹಿಡಿದು, ಕೇಳಿಸದೆ ಹೋದ ಪ್ರಾರ್ಥನೆಗೆ ಕಿವಿಗೊಟ್ಟು ನಿಂತಿದ್ದ ಒಬ್ಬ ಹೆಂಗಸು ಅವಳ ಕಣ್ಣ ಮುಂದೆ ಸುಳಿದುಹೋದಳು. ದೊಡ್ಡಮ್ಮ ಅಂದು ಏನು ಹೇಳಿದ್ದಳೆಂಬುದು ಅವಳಿಗೆ ಆಗ, ಅಷ್ಟು ತಡವಾಗಿ, ಕೇಳಿಸಿತು.

ಹೊರಬಂದಾಗ ಬಾಗಿಲ ಬಳಿ ಕಿವಿ ನಿಂತಿದ್ದ. ಒಂದು ಪುಟ್ಟ ರೆಕಾರ್ಡರನ್ನು ಅವಳ ಕೈಗಿಟ್ಟ. ದೊಡ್ಡಮ್ಮನ ಮಾತು ಇಡಿಯಾಗಿ ಅದರಲ್ಲಿತ್ತು.

“ಅಳಿಸಿಬಿಡು ಅಂದಿದ್ರು. ನನಗೆ ಕೇಳಿಸಲಿಲ್ಲ,” ಎಂದ.

ಗಿಳಿ ಅಂದೇ ಚೆಕ್ಕಿಂಗಮ್ಮನ ಬಾಗಿಲು ತಟ್ಟಿದಳು. ಚೆಕ್ಕಿಂಗಮ್ಮ ಒಳಗೆ ಕರೆಯಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಲ್ಲುವಂತೆ ಹೊಸ್ತಿಲಿಗೆ ಅಡ್ಡ ನಿಂತಳು. ರೇಡಿಯೋದಲ್ಲಿ ಮಾತಾಡಿದ್ದು ದೊಡ್ಡಮ್ಮನಲ್ಲ, ನಾನು ಎಂದು ಗಿಳಿ ತೀರ ನಯವಾದ ಒಂದು ದನಿಯಲ್ಲಿ, ದಾದಿಯ ದನಿಯಲ್ಲಿ, ವಿವರಿಸಿದಳು. ನಂಬಲಿ ಎಂದು ದೊಡ್ಡಮ್ಮನ ದನಿಯನ್ನೂ ಮಾಡಿ ತೋರಿಸಿದಳು. ಚೆಕ್ಕಿಂಗಮ್ಮನ ಕಣ್ಣು ಒಂದು ಗಳಿಗೆ ಗೋಡೆಯ ಕಡೆ ಹೋಗಿ ಬಂತು. ಗಿಳಿ ರೆಕಾರ್ಡರು ಹಚ್ಚಿದಳು. ಕೈತೊಳೆದ ನೀರು, ತುಕ್ಕು ಹಿಡಿದ ತಿರುಗಣಿ, ಬಚ್ಚಲು, ಬೀಗದ ಕೈ ಎಲ್ಲವೂ ಬಂದವು. ಚೆಕ್ಕಿಂಗಮ್ಮ ತುಟಿ ಬಿಗಿಹಿಡಿದು ಕೊನೆಯವರೆಗೂ ಕೇಳಿದಳು.

“ಚೆನ್ನಾಗಿದೆ,” ಎಂದಳು. “ಆದ್ರೆ ಇದೂ ನೀನೇ ಯಾಕಾಗಿರಬಾರದು? ಸಿಹಿ ಮಾತಾಡೋಕೆ ಬರೋ ಗಂಟಲಿಗೆ ಬೈಯೋಕೆ ಬರಲ್ವಾ?”

ಯಾರ ದನಿಯನ್ನಾದರೂ ಮಾಡಬಲ್ಲವಳು ಯಾರಿಗೂ ಸಾಕ್ಷಿಯಾಗಲಾರಳು. ಬಾಗಿಲು ಮುಚ್ಚತೊಡಗಿತು. ಆಗ ಅವಳಿಗೆ ಸಿಟ್ಟು ಬಂತು. ಯಾವ ಸಿನಿಮಾದ ಸಿಟ್ಟೂ ಅಲ್ಲ. ಚಿಕ್ಕಂದಿನಿಂದ ತಳದಲ್ಲಿ ಕೂತಿದ್ದ, ಯಾರಿಗೂ ಬೇಕಾಗದೆ ಉಳಿದಿದ್ದ ಸಿಟ್ಟು.

“ನಿಮ್ಮನ್ನ ಕಂಡ್ರೆ ನನಗೂ ಆಗಲ್ಲ,” ಎಂದಳು. “ಗೋಡೆಗೆ ಹೊಡೀತಾಳೆ ಅಂತ ನನ್ನ ಚೆಂಡು ಕಿತ್ಕೊಂಡ್ರಿ, ಕೊಡಲೇ ಇಲ್ಲ. ನೀವು ಮಾತ್ರ ದಿನಾ ಗೋಡೆಗೆ ಕುಟ್ಟಬಹುದಾ? ಬೆಳಗಾದ್ರೆ ನಿಮ್ಮ ಪೊರಕೆ ಕೇಳಿ ನನ್ನ ಎದೆ ಹಾರ್ತಿತ್ತು. ತಪ್ಪು ಮಾಡಿದೋಳು ನಾನು. ನನಗೆ ಬೈಯಿರಿ. ಅವಳು ಈಗ ಬಚ್ಚಲಿಗೆ ಹೋಗೋಕೆ ಹೆದರ್ತಾಳೆ.”

ಕೊನೆಯ ಮಾತಿಗೆ ದನಿ ಒಡೆಯಿತು. ತೆಳ್ಳಗಿನ, ಮೂಗಿನಿಂದ ಬರುವ, ಅಂಚು ಹೊಲಿಯದ ಬಟ್ಟೆಯಂಥ ದನಿ. ಅದನ್ನು ಕೇಳಿ ಅವಳಿಗೇ ನಾಚಿಕೆಯಾಯಿತು.

ಚೆಕ್ಕಿಂಗಮ್ಮ ಬಾಗಿಲನ್ನು ಅರ್ಧಕ್ಕೆ ಹಿಡಿದಳು.

“ಇದು ಯಾರ ದನಿ?”

“ನಂದೇ.”

“ಕೆಟ್ಟದಾಗಿದೆ.”

“ಗೊತ್ತು.”

ಚೆಕ್ಕಿಂಗಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ, ಎಂದೋ ಟಿಕೆಟ್ಟಿನ ಎರಡೂ ಬದಿ ನೋಡುತ್ತಿದ್ದಂತೆ, ನೋಡಿದಳು. ಒಳಗೆ ಹೋದಳು. ಏನೋ ಎಳೆದಾಡಿದ ಸದ್ದಾಯಿತು. ಬಂದು, ಗಾಳಿ ಹೋಗಿ ಒಣಗಿದ ಅಂಜೂರದಂತಾಗಿದ್ದ ಒಂದು ಚೆಂಡನ್ನು ಅವಳ ಕೈಗೆ ಹಾಕಿ, ಬಾಗಿಲು ಮುಚ್ಚಿಕೊಂಡಳು.

ಅದು ಒಪ್ಪಿಗೆಯೋ ಅಲ್ಲವೋ ಗಿಳಿಗೆ ತಿಳಿಯಲಿಲ್ಲ. ಅಂದು ದೊಡ್ಡಮ್ಮನ ಮನೆಯಲ್ಲೇ ಉಳಿದಳು. ದೊಡ್ಡಮ್ಮ ಏನಾಯಿತೆಂದು ಕೇಳಲಿಲ್ಲ. ಚೆಂಡನ್ನು ನೋಡಿದಳು, ಹ್ಞೂಂ ಎಂದಳು. ಅದು ಫೋನಿನ ಬೆನ್ನಿಗೆ ಬೀಳುವ ಹ್ಞೂಂ ಆಗಿರಲಿಲ್ಲ.

ಬೆಳಗಾಯಿತು. ದೊಡ್ಡಮ್ಮ ಕೂತು ಗಂಟಲು ಸರಿಮಾಡಿಕೊಂಡಳು. ಮೊದಲ ಸಾಲು ಅಂಜುತ್ತಾ ಹೊರಬಂತು. ಎರಡನೆಯ ಸಾಲಿಗೆ ಆಚೆಯ ರೇಡಿಯೋ ನಿಂತಿತು. ಗಿಳಿ ಹಾಸಿಗೆಯಲ್ಲಿ ಎದ್ದು ಕೂತಳು. ಮೂರನೆಯ ಸಾಲು ಶ್ರುತಿ ಬಿಟ್ಟು ಏರುತ್ತಿದ್ದಂತೆ ಗೋಡೆ ನಡುಗಿತು, ದಢ್, ದಢ್. ಗಿಲಾವಿನ ಒಂದು ಚೂರು ಉದುರಿ ದೊಡ್ಡಮ್ಮನ ಮಡಿಲಿಗೆ ಬಿತ್ತು. ಅವಳು ಅದನ್ನು ಕೊಡವಿಕೊಂಡು ದನಿಯನ್ನು ಇನ್ನೊಂದು ಮೆಟ್ಟಿಲು ಏರಿಸಿದಳು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಗಿಳಿ ತೆಗೆದಳು. ಪೊರಕೆ ಹಿಡಿದೇ ಬಂದಿದ್ದ ಚೆಕ್ಕಿಂಗಮ್ಮ ನೆಟ್ಟಗೆ ಮೇಜಿನವರೆಗೆ ನಡೆದು ಬೀಗದ ಕೈಯನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ಪ್ರಾರ್ಥನೆಯ ನಡುವೆ ಅವಳು ಯಾರೊಡನೆಯೂ ಮಾತಾಡುವವಳಲ್ಲ.

“ಸ್ವಲ್ಪ ಮೆಲ್ಲಗೆ,” ಎಂದಳು ಚೆಕ್ಕಿಂಗಮ್ಮ. “ನಿನ್ನ ದೇವರಿಗೆ ಕಿವಿ ಕೇಳಿಸದೆ ಇರಬಹುದು. ನನಗೆ ಕೇಳಿಸುತ್ತೆ.”

ಆಮೇಲೆ ಗಿಳಿಯ ಕಡೆ ತಿರುಗಿ, ನಾನು ಚಹಾ ಮಾಡ್ತೀನಿ, ಕೈತೊಳೆದ ನೀರು ಕುಡಿಯೋದಿದ್ದರೆ ಬಾ ಎಂದು ಹೊರಟಳು. ಗಿಳಿ ಹೋದಳು. ಲೋಟ ಎದುರಿಗಿಟ್ಟುಕೊಂಡು, ಚೆಕ್ಕಿಂಗಮ್ಮ ಬಸ್ಸಿನ ಕತೆಗಳನ್ನು ಹೇಳಿದಷ್ಟು ಹೊತ್ತೂ ಕೂತಿದ್ದಳು. ಚಹಾ ನಿಜಕ್ಕೂ ಕೈತೊಳೆದ ನೀರಿನ ಹಾಗೇ ಇತ್ತು. ಎದ್ದು ಬಂದಾಗ ದೊಡ್ಡಮ್ಮ, ಏನು ಹೇಳಿದಳು ಅವಳು ಎಂದು ಕೇಳಿದಳು. ಗಿಳಿ ತನ್ನ ಕೆಟ್ಟ ದನಿಯಲ್ಲಿ, ಒಂದನ್ನೂ ಬಿಡದೆ ಹೇಳಿದಳು.